ವಿದ್ಯೆಯೂ ಕಾಯಕವೂ

ಶರಣಬಂಧುಗಳು ಬಲ್ಲ ಕಥೆ ಇದು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕವನ್ನು ಕೈಕೊಂಡಿದ್ದನು. ಒಂದು ದಿನ ಆತನು ಪ್ರಭುದೇವರ ಸಂಗಡ ಅನುಭಾವದ ಮಾತಿನಲ್ಲಿ ಮುಳುಗಿ, ಕಾಯಕದ ವೇಳೆಯನ್ನೇ ಮರೆತು ಕುಳಿತುಬಿಟ್ಟನು. ಆ ಮಾತೇನೂ ಹಗುರವಾದುದಲ್ಲ. ಅಲ್ಲಮಪ್ರಭುವಿನ ಎದುರು ಕುಳಿತು ಕೇಳುವ ಭಾಗ್ಯ ಎಷ್ಟು ಜನರಿಗೆ ದೊರೆತೀತು? ಆದರೂ ಆತನ ಸತಿ ಲಕ್ಕಮ್ಮನು ಕಾಯಕ ನಿಂತುಹೋದುದನ್ನು ನೆನಪಿಗೆ ತಂದು, ಎಬ್ಬಿಸಿ ಕಳುಹಿದಳು.

ಈ ಪ್ರಸಂಗವನ್ನು ಕೇಳಿದವರು ಲಕ್ಕಮ್ಮನ ನಿಷ್ಠೆಯನ್ನು ಕೊಂಡಾಡಿ ಅಲ್ಲಿಗೇ ಬಿಡುವುದುಂಟು. ಆದರೆ ಆಕೆ ಅನುಭಾವವನ್ನು ಕೀಳೆಂದು ಬಗೆದವಳಲ್ಲ. ಆಕೆಯೇ ವಚನಕಾರ್ತಿ, ಅರಿವಿನ ಬೆಲೆಯನ್ನು ಬಲ್ಲವಳು. ಕೇಳಿದ ಅರಿವು ಹೊಸ್ತಿಲು ದಾಟಿ ಕೈಗೆ ಇಳಿಯದೆ ಇದ್ದರೆ, ಕೇಳಿದವನ ಮನೆಯಲ್ಲಿ ಅಂದಿನ ದಾಸೋಹವು ನಡೆಯದು ಎಂಬುದಷ್ಟೇ ಆಕೆಯ ಚಿಂತೆ. ಮಾರಯ್ಯನನ್ನು ಎಬ್ಬಿಸಲು ಮನೆಯಲ್ಲಿ ಲಕ್ಕಮ್ಮನಿದ್ದಳು. ಇಂದು ಪದವಿ ಮುಗಿಸಿ ಮನೆಗೆ ಬಂದು ಕುಳಿತ ಮಗನನ್ನು ಎಬ್ಬಿಸಿ, ಇಂಥ ಕಡೆಗೆ ಹೋಗೆಂದು ದಾರಿ ತೋರಿಸುವವರು ಯಾರು?

ಇಂಥ ಮನೆಗಳು ಊರೂರಿಗೂ ಇವೆ. ತಂದೆ ಸಾಲ ಮಾಡಿ ಓದಿಸಿದ್ದಾನೆ. ಮಗನು ತೇರ್ಗಡೆಯೂ ಆಗಿದ್ದಾನೆ. ವರುಷವೊಂದು ಕಳೆಯಿತು, ಎರಡು ಕಳೆದವು. ಈಗ ಏನು ಮಾಡುತ್ತಿರುವೆ ಎಂದು ಬೀಗರು ಕೇಳುವರೆಂಬ ಅಂಜಿಕೆಯಿಂದ ಮದುವೆ ಮುಂಜಿಗಳಿಗೂ ಹೋಗಲೊಲ್ಲನು. ಅದೇ ಊರಿನ ಪೇಟೆಯಲ್ಲಿ, ಸುಟ್ಟ ಪಂಪಿನ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿಯ ಯಜಮಾನನು ಕೆಲಸ ಬಲ್ಲ ಹುಡುಗರು ಸಿಗುತ್ತಿಲ್ಲವೆಂದು ಗಿರಾಕಿಗಳನ್ನು ಹಿಂದಕ್ಕೆ ಕಳುಹಿಸುತ್ತಿರುತ್ತಾನೆ. ಇವರಿಬ್ಬರ ನಡುವೆ ಇರುವ ಅಂತರ ಅರ್ಧ ಹರದಾರಿಯೂ ಇಲ್ಲ. ಆದರೆ ಕಾಲೇಜಿನ ಅಧ್ಯಾಪಕರು ಆ ಅಂಗಡಿಯ ಮೆಟ್ಟಿಲನ್ನು ತುಳಿದವರಲ್ಲ, ಅಂಗಡಿಯ ಯಜಮಾನನು ಕಾಲೇಜಿನ ಅಂಗಳವನ್ನು ಕಂಡವನಲ್ಲ. ಹುಡುಗನನ್ನು ಸೋಮಾರಿ ಎಂದು ಹಳಿಯುವುದು ಸುಲಭ. ಅದು ನ್ಯಾಯವಾದ ಮಾತಲ್ಲ.

ವಿದ್ಯಾದಾಸೋಹವನ್ನು ನಡೆಸಿದ ಹಿರಿಯರು ಇದನ್ನು ಮರೆತಿದ್ದರೆಂದು ತಿಳಿಯಬಾರದು. ೧೯೦೬ರಲ್ಲಿ ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ, ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ, ಮಠಗಳು ತೆರೆದ ಪ್ರಸಾದನಿಲಯಗಳು ಇವೆಲ್ಲ ಹುಟ್ಟಿದ ಕಾಲದಲ್ಲಿ ಓದಿದವರೇ ವಿರಳ. ಓದಿದವನಿಗೆ ಶಾಲೆಯಲ್ಲಿಯೋ ಕೋರ್ಟಿನಲ್ಲಿಯೋ ಮಾಮಲೇದಾರ ಕಚೇರಿಯಲ್ಲಿಯೋ ಒಂದು ಸ್ಥಾನ ಕಾದಿರುತ್ತಿದ್ದಿತು. ಶಾಲೆಯ ಬಾಗಿಲಿನಿಂದ ಕೆಲಸದ ಬಾಗಿಲಿಗೆ ದಾರಿಯನ್ನು ಬೇರೆಯಾಗಿ ಕಡಿಯಬೇಕಾಗಿರಲಿಲ್ಲ. ಆದರೂ ಫ. ಗು. ಹಳಕಟ್ಟಿಯವರನ್ನು ನೋಡಬೇಕು. ಅವರು ವಚನಗಳ ಹಸ್ತಪ್ರತಿಗಳನ್ನು ಮನೆಮನೆ ತಿರುಗಿ ಹುಡುಕಿದವರೆಂಬುದನ್ನು ಎಲ್ಲರೂ ಬಲ್ಲರು. ವಿಜಯಪುರದಲ್ಲಿ ೧೯೧೦ರಲ್ಲಿ ವಿದ್ಯಾಸಂಸ್ಥೆಯನ್ನೂ ಅದರ ಬೆನ್ನಿಗೆ ೧೯೧೨ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನೂ ಕಟ್ಟಿದವರು ಅವರೇ. ವಚನ, ಶಾಲೆ, ಬಂಡವಾಳ ಈ ಮೂರೂ ಒಬ್ಬ ಶರಣನ ಕೈಯಲ್ಲಿ ಕೂಡಿಬಂದುದು ಆಕಸ್ಮಿಕವಾಗಿರಲಾರದು.

ಹೀಗೆ ಕೂಡಿಸುವ ಕಾರ್ಯವು ಮುಂದೆ ಉಜಿರೆಯಲ್ಲಿ ನಡೆಯಿತು. ೧೯೮೨ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿಗಳಾದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳನ್ನು ಜೊತೆಗೂಡಿಸಿಕೊಂಡು ರುಡ್‌ಸೆಟ್ ಸಂಸ್ಥೆಯನ್ನು ಸ್ಥಾಪಿಸಿದರು. ಹಳ್ಳಿಯ ನಿರುದ್ಯೋಗಿ ಯುವಕ ಯುವತಿಯರು ಅಲ್ಲಿಗೆ ಬಂದು, ಊಟ ವಸತಿಗಳಿಗೆ ಕಾಸು ಕೊಡದೆ, ಕೆಲವು ವಾರ ತಂಗಿ ಒಂದು ಕಸುಬನ್ನು ಕಲಿಯುವರು. ಹೈನುಗಾರಿಕೆ, ಹೊಲಿಗೆ, ಮೋಟಾರ್ ವೈಂಡಿಂಗ್, ಸ್ಕೂಟರ್ ರಿಪೇರಿ, ಮೊಬೈಲ್ ರಿಪೇರಿ ಹೀಗೆ ಊರಿನಲ್ಲಿ ಗಿರಾಕಿಯುಳ್ಳ ಕಸುಬುಗಳು. ಲೆಕ್ಕ ಬರೆಯುವುದನ್ನೂ ಬ್ಯಾಂಕಿನ ಮೆಟ್ಟಿಲನ್ನು ಅಂಜದೆ ಹತ್ತುವುದನ್ನೂ ಅಲ್ಲಿಯೇ ಕಲಿಸುವರು. ಈ ಮಾದರಿಯನ್ನು ಕೇಂದ್ರ ಸರ್ಕಾರವು ಎತ್ತಿಕೊಂಡು, ಜಿಲ್ಲೆಗೊಂದರಂತೆ ಬ್ಯಾಂಕುಗಳ ಮೂಲಕ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳನ್ನು ತೆರೆಯಿಸಿತು. ಇಂದು ದೇಶದಲ್ಲಿ ಅಂಥವು ೫೦೦ಕ್ಕೂ ಮೇಲ್ಪಟ್ಟಿವೆ. ಸಿಂಡಿಕೇಟ್ ಬ್ಯಾಂಕು ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಆದರೆ ಕೆಲಸ ನಿಲ್ಲಲಿಲ್ಲ.

ಇಲ್ಲಿ ಗಮನವಿಡಬೇಕಾದುದು ಕಲಿಸುವ ಆ ಕೆಲವು ವಾರಗಳಲ್ಲಿ ಅಲ್ಲ. ಕಲಿತು ಹೋದವನನ್ನು ಎರಡು ವರುಷಗಳವರೆಗೆ ಬೆನ್ನು ಹತ್ತಿ ವಿಚಾರಿಸುವ ಕ್ರಮವೊಂದು ಅಲ್ಲಿದೆ. ಅಂಗಡಿ ತೆರೆದನೋ ಇಲ್ಲವೋ, ಸಾಲ ದೊರೆಯಿತೋ ಇಲ್ಲವೋ, ತೆರೆದುದು ಯಾವ ಕಾರಣದಿಂದ ಮುಚ್ಚಿತು, ಇವನ್ನೆಲ್ಲ ಕೇಳುವವರು ಇರುತ್ತಾರೆ. ಸರ್ಟಿಫಿಕೇಟನ್ನು ಕೊಟ್ಟು ಕೈತೊಳೆದುಕೊಳ್ಳುವ ಸಂಸ್ಥೆಗೂ ಇದಕ್ಕೂ ಇರುವ ಭೇದವು ಇದೇ. ಜಂಗಮನನ್ನು ಮನೆಗೆ ಕರೆದು ಪಾದೋದಕ ಸ್ವೀಕರಿಸಿ, ಊಟಕ್ಕೆ ಎಲೆ ಹಾಕದೆ ಕಳುಹಿಸುವ ಭಕ್ತನುಂಟೇ?

ಇಳಕಲ್ಲಿನ ಮಗ್ಗವನ್ನು ಕಂಡವರಿಗೆ ಈ ಮಾತು ಬೇಗ ಹಿಡಿಸೀತು. ಅಲ್ಲಿ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಯ್ದು ಮುಗಿದ ಮೇಲೆ ಸೂಜಿಯಿಂದ ಹೊಲಿದು ಕೂಡಿಸುವುದಿಲ್ಲ. ನೇಯುವ ಮೊದಲೇ ಒಂದು ಹಾಸಿನ ಎಳೆಗೆ ಇನ್ನೊಂದರ ಎಳೆಯನ್ನು ಕೊಂಡಿ ಹಾಕಿ, ಎಳೆಎಳೆಯಾಗಿ ಜೋಡಿಸುವರು. ತಾಳ್ಮೆಯ ಕೆಲಸವದು. ಶಾಲೆಯನ್ನೂ ದುಡಿಮೆಯನ್ನೂ ಕೂಡಿಸುವಾಗಲೂ ಕೊನೆಯ ವರುಷ ಒಂದು ಸಮಾರಂಭ ಮಾಡಿ, ಉದ್ಯೋಗಮೇಳ ನಡೆಸಿ, ಹಾರ ಹಾಕಿ ಮುಗಿಸಿದರೆ ಅದು ಹೊಲಿಗೆಯಾಗುವುದೇ ಹೊರತು ಕೊಂಡಿಯಾಗದು. ಓದುತ್ತಿರುವಾಗಲೇ ಹುಡುಗನು ವಾರಕ್ಕೆ ಎರಡು ದಿನ ಕಾರ್ಖಾನೆಯನ್ನೋ ಅಂಗಡಿಯನ್ನೋ ಹಾಲಿನ ಸಂಘವನ್ನೋ ಕಾಣುತ್ತಿರಬೇಕು. ಅಲ್ಲಿಯವರು ಶಾಲೆಗೆ ಬಂದು, ಇಂಥದನ್ನು ಕಲಿಸಿರಿ ಎಂದು ಹೇಳುವಷ್ಟು ಸಲಿಗೆಯುಳ್ಳವರಾಗಿರಬೇಕು.

ಒಂದು ಶಂಕೆ ಏಳಬಹುದು. ಊರಿನ ದುಡಿಮೆಗೆ ಹೊಂದುವಂತೆ ಕಲಿಸುವುದೆಂದರೆ, ನೇಕಾರನ ಮಗನನ್ನು ಮಗ್ಗಕ್ಕೂ ಒಕ್ಕಲಿಗನ ಮಗನನ್ನು ನೇಗಿಲಿಗೂ ಕಟ್ಟಿಹಾಕುವುದಲ್ಲವೇ? ಶಂಕೆ ಬಲವಾದುದು, ಹಗುರವಾಗಿ ತಳ್ಳುವಂಥದಲ್ಲ. ಹುಟ್ಟಿನಿಂದ ಬಂದುದೆಂದು ಒಬ್ಬನ ತಲೆಯ ಮೇಲೆ ಹೇರಿದುದನ್ನು ಶರಣರು ಕಾಯಕವೆಂದು ಕರೆಯಲಿಲ್ಲ. ಪರಂಪರೆಯು ಹೇಳುವಂತೆ ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸು. ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರುವ ಕಾಯಕವನ್ನು ತಾನಾಗಿ ಆರಿಸಿಕೊಂಡನು. ಹರಳಯ್ಯನ ಮನೆಗೂ ಮಧುವರಸನ ಮನೆಗೂ ನಡೆದ ಬೀಗತನಕ್ಕೆ ಕಲ್ಯಾಣವು ತೆತ್ತ ಬೆಲೆ ಎಷ್ಟೆಂಬುದು ತಿಳಿದದ್ದೇ. ಆದುದರಿಂದ ಬಾಗಿಲುಗಳು ಹಲವಿರಬೇಕು. ಸಮಗಾರನ ಮಗಳು ಲೇತ್ ಯಂತ್ರವನ್ನು ನಡೆಸಲಿ, ದೇಸಾಯರ ಮಗನು ಹೈನುಗಾರಿಕೆ ಕಲಿಯಲಿ. ಆಯ್ಕೆಯು ಮಗುವಿನದು, ಬಾಗಿಲನ್ನು ತೆರೆದಿಡುವುದಷ್ಟೇ ಊರಿನವರ ಪಾಲು.

ಹೆಣ್ಣುಮಕ್ಕಳ ವಿಷಯದಲ್ಲಿ ಬಾಗಿಲು ತೆರೆದಿದ್ದರೂ ದಾರಿ ಇರುವುದಿಲ್ಲ. ತರಬೇತಿ ಸಂಜೆ ಆರಕ್ಕೆ ಮುಗಿದು, ಊರಿಗೆ ಕೊನೆಯ ಬಸ್ಸು ಐದೂವರೆಗೆ ಹೊರಟುಹೋದರೆ ಆಕೆಯ ಕಲಿಕೆ ಅಲ್ಲಿಗೇ ಮುಗಿಯಿತು. ಮನೆಯವರು ಹಿಂದುಳಿದವರೆಂದು ಭಾಷಣ ಮಾಡುವುದಕ್ಕಿಂತ, ತರಬೇತಿಯ ವೇಳೆಯನ್ನು ಹಿಂದಕ್ಕೆ ತರುವಂತೆ ಹೇಳುವುದು ಲೇಸು.

ಕೆಲಸ ಕೊಡುವವರಿಗೂ ಲಕ್ಕಮ್ಮನ ಮನೆಯಲ್ಲೊಂದು ಪಾಠವಿದೆ. ಇನ್ನೊಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಇಷ್ಟು ಎಲ್ಲಿಂದ ಬಂದಿತೆಂದು ಆಕೆ ವಿಚಾರಿಸಿದಳು. ತಮಗೆ ಸಲ್ಲತಕ್ಕುದಕ್ಕಿಂತ ಮಿಗಿಲಾದುದನ್ನು ತಿರುಗಿ ಅಲ್ಲಿಯೇ ಸುರಿದು ಬರಹೇಳಿದಳು. ಕಲಿಯಲು ಬಂದ ಹುಡುಗನಿಂದ ವರುಷವಿಡೀ ಕಸ ಗುಡಿಸಿಸಿ, ಚಹಾ ತರಿಸಿ, ಕಲಿಸಿದೆನೆಂದು ಹೇಳಿಕೊಳ್ಳುವ ಯಜಮಾನನ ಮನೆಗೆ ಬಂದುದು ಆ ಹೆಚ್ಚಿನ ಅಕ್ಕಿಯೇ. ೧೯೬೧ರ ಅಪ್ರೆಂಟಿಸ್ ಕಾಯಿದೆಯು ಕಲಿಯುವವನಿಗೆ ಸ್ಟೈಪೆಂಡು ಕೊಡಬೇಕೆಂದು ವಿಧಿಸಿದೆ. ೩೦ ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕೆಂಬ ನಿಯಮವೂ ಉಂಟು. ಕಾಯಿದೆಯು ಮುಟ್ಟದ ಚಿಕ್ಕ ಅಂಗಡಿಗಳಲ್ಲಿ ಲಕ್ಕಮ್ಮನ ಲೆಕ್ಕವೇ ನಡೆಯಬೇಕು.

ಇದಕ್ಕೆಲ್ಲ ಹೊಸದೊಂದು ಸಂಘವನ್ನು ಕಟ್ಟಿ, ಅಧ್ಯಕ್ಷರನ್ನು ಆರಿಸಬೇಕಾದ ಅಗತ್ಯವಿಲ್ಲ. ಶ್ರಾವಣದಲ್ಲಿ ಪುರಾಣ ಹಚ್ಚುವ ಊರುಗಳಲ್ಲಿ ಶಾಲೆಯ ಮಾಸ್ತರರು, ಗಿರಣಿಯ ಮಾಲಕರು, ಬ್ಯಾಂಕಿನವರು, ಗ್ಯಾರೇಜಿನವರು, ಓದು ಮುಗಿಸಿದ ಮಕ್ಕಳ ತಾಯಂದಿರು ತಿಂಗಳ ಕಾಲ ಪ್ರತಿ ಸಂಜೆ ಒಂದೇ ಜಮಖಾನೆಯ ಮೇಲೆ ಕುಳಿತಿರುತ್ತಾರೆ. ಪುರಾಣದ ಮಂಗಳವಾದ ರಾತ್ರಿ, ಪ್ರಸಾದಕ್ಕೆ ಏಳುವ ಮೊದಲು, ಆ ವರುಷ ಓದು ಮುಗಿಸಿ ಮನೆಯಲ್ಲಿರುವ ಮಕ್ಕಳ ಹೆಸರುಗಳನ್ನು ಒಬ್ಬರು ಓದಲಿ. ಯಾವ ಮಗುವನ್ನು ಯಾರು ಕರೆದುಕೊಳ್ಳುವರೆಂದು ಅಲ್ಲಿಯೇ ಕೇಳಲಿ. ಆ ಹೆಸರುಗಳನ್ನು ಮಠದ ದಪ್ತರದಲ್ಲಿ ಬರೆದಿಟ್ಟು, ಮುಂದಿನ ಎರಡು ಶ್ರಾವಣಗಳಲ್ಲಿಯೂ ಅದೇ ಪಟ್ಟಿಯನ್ನು ತಿರುಗಿ ಓದಿ, ಒಬ್ಬೊಬ್ಬರು ಎಲ್ಲಿರುವರೆಂದು ವಿಚಾರಿಸಲಿ.