ಪ್ರವಾಸಿ ಯಾರು, ಪರದೇಶಿ ಯಾರು?

ಗಣಪತಿ ಹಬ್ಬ ಮುಗಿದ ಮೇಲೆ ನಮ್ಮ ಕೇರಿಯ ಹುಡುಗನೊಬ್ಬ ಬ್ಯಾಂಕಾಕಿಗೆ ಹೋಗಿ ಬಂದ. ಪುಣೆಯ ಕಂಪ್ಯೂಟರ್ ಕಂಪನಿಯೊಂದರಲ್ಲಿ ಅವನಿಗೆ ನೌಕರಿ. ಯಾವ ಟೂರಿನವರ ಹಿಂದೆಯೂ ಹೋಗದೆ, ಬೆನ್ನಿಗೊಂದು ಚೀಲ ಹಾಕಿಕೊಂಡು, ಹತ್ತು ದಿನ ಆ ಊರಿನ ಓಣಿ ಓಣಿ ತಿರುಗಿ, ಸಿಕ್ಕಲ್ಲಿ ಉಂಡು, ಅಗ್ಗದ ಖೋಲಿಗಳಲ್ಲಿ ಮಲಗಿ ಬಂದಿದ್ದ. ಚಡಚಣದ ಬಸ್‌ಸ್ಟ್ಯಾಂಡಿನ ಚಾದಂಗಡಿಯಲ್ಲಿ ಸಿಕ್ಕವನು ಮೊದಲು ಹೇಳಿದ್ದು ಗುಡಿಯ ಮಾತಲ್ಲ, ಸಮುದ್ರದ ಮಾತಲ್ಲ.

“ಸರ್, ಹತ್ತ ದಿನದಾಗ ಒಬ್ರೂ ನನ್ನ ಜಾತಿ ಕೇಳಲಿಲ್ಲ.”

ಕೇರಿಯಲ್ಲಿ ಹುಟ್ಟಿದವರಿಗೆ ಈ ಮಾತಿನ ತೂಕ ಗೊತ್ತು. ಮನೆ ಬಾಡಿಗೆ ಕೇಳಲು ಹೋದರೆ ಮೊದಲು ಅಡ್ಡಹೆಸರು ಕೇಳುವ ನಾಡು ನಮ್ಮದು. ಹತ್ತು ದಿನ ಆ ಪ್ರಶ್ನೆಯಿಲ್ಲದೆ ಬದುಕುವುದೆಂದರೆ ಬೆನ್ನ ಮೇಲಿನ ಕಲ್ಲು ಇಳಿಸಿದಂತೆ. ನಾನೂ ಅದೇ ಕೇರಿಯವ. ಕೇಳಿ ಸಂತೋಷಪಟ್ಟೆ. ಆದರೆ ಸಂಜೆ ಅವರ ಮನೆಗೆ ಹೋದಾಗ ಅವನ ಅವ್ವ ಕೇಳಿದ ಪ್ರಶ್ನೆ ನನ್ನ ಸಂತೋಷವನ್ನು ಅರ್ಧ ಮಾಡಿತು.

ಆ ತಾಯಿ ಹದಿನೆಂಟು ವರ್ಷ ಸಾಂಗಲಿ, ಕೊಲ್ಲಾಪುರ ಸೀಮೆಗೆ ಕಬ್ಬು ಕಡಿಯಲು ಹೋದವಳು. ಮಗ ಮೊಬೈಲಿನಲ್ಲಿ ಫೋಟೋ ತೋರಿಸುತ್ತಿದ್ದ. ಒಂದು ಖೋಲಿಯಲ್ಲಿ ಎಂಟು ಮಂದಿ, ಒಬ್ಬರ ಮೇಲೊಬ್ಬರು ಮಲಗುವ ಮಂಚಗಳು.

“ಎಂಟ ಮಂದಿ ಒಂದ ಖೋಲ್ಯಾಗ? ಹಂಗ ಮಲಗಲಾಕ ಅಷ್ಟ ದೂರ ಹೋಗಿದ್ಯಾ? ನಾವು ಫ್ಯಾಕ್ಟರಿ ಗುಡಸಲದಾಗ ಹಂಗ ಮಲಗ್ತಿದ್ವಿ. ರೊಕ್ಕ ಯಾರೂ ಕೇಳ್ತಿರಲಿಲ್ಲ” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು: “ಅಲ್ಲಿ ನೀರ ಎಲ್ಲಿ ಕುಡದಿ ತಮ್ಮಾ?”

“ಬಾಟ್ಲಿ ಕೊಂಡ್ನೆವ್ವಾ.”

“ಅದು ರೊಕ್ಕದ ನೀರಾತು. ಕೈಲೆ ಯಾರರೆ ಕೊಟ್ರೇನು?”

ಹುಡುಗ ಸುಮ್ಮನಾದ. ನಂತರ ನಿಧಾನವಾಗಿ ಹೇಳಿದ. ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಓಣಿಯಲ್ಲಿ ಪಪ್ಪಾಯಿ ಕಾಯಿ ಕುಟ್ಟಿ ಮಾರುವ ಗಾಡಿಯ ಮುಂದೆ ಇವನು ನಿಂತಿದ್ದ. ಗಾಡಿಯ ಮುದುಕಿ ಇವನ ಮುಖ ನೋಡಿ, ತಾನು ಕುಡಿಯುವ ನೀರಿನ ಪಾತ್ರೆಯಿಂದಲೇ ಒಂದು ಗ್ಲಾಸು ತುಂಬಿ ಕೈಗೆ ಕೊಟ್ಟಳಂತೆ. ಇವನು ಇನ್ನೂ ಏನೂ ಕೊಂಡಿರಲಿಲ್ಲ. ಗ್ಲಾಸು ಹಿಡಿದಾಗ ಕೈ ನಡುಗಿತಂತೆ.

“ಆಕೀ ಹೆಸರೇನು?” ಅಂದಳು ಅವ್ವ.

“ಕೇಳಲಿಲ್ಲ.”

“ಜಾತಿ ಕೇಳಬಾರದು, ಖರೆ. ಹೆಸರ ಕೇಳಲಾಕ ಏನಾಗಿತ್ತು?”

ಗೆಳೆಯರೇ, ಈ ಲೇಖನ ಬರೆಯಲು ಕಾರಣ ಈ ಒಂದು ಪ್ರಶ್ನೆ. ಜಾತಿ ಕೇಳದಿರುವುದು ಬೇರೆ, ಮನುಷ್ಯನನ್ನು ಕೇಳದಿರುವುದು ಬೇರೆ. ಮೊದಲನೆಯದು ಸಮಾನತೆಯ ಬಾಗಿಲು. ಎರಡನೆಯದು ಬರೀ ಅಲಕ್ಷ್ಯ. ನಾವು ಇವೆರಡನ್ನೂ ಒಂದೇ ಎಂದು ತಿಳಿದು ಮೋಸಹೋಗುತ್ತಿದ್ದೇವೆಯೆ?

ನೀರಿನ ಪ್ರಶ್ನೆ ಆ ತಾಯಿಗೆ ಸುಮ್ಮನೆ ಹುಟ್ಟಿದ್ದಲ್ಲ. ಅದರ ಹಿಂದೆ ನಮ್ಮ ಚರಿತ್ರೆಯಿದೆ. 1901ರಲ್ಲಿ ಸಾತಾರಾದಿಂದ ತಂದೆಯಿದ್ದ ಕೋರೆಗಾಂವಿಗೆ ಹೊರಟ ಬಾಲಕ ಅಂಬೇಡ್ಕರ್, ಅಣ್ಣ ಮತ್ತು ಅಕ್ಕನ ಮಕ್ಕಳೊಡನೆ ಮಸೂರ ಸ್ಟೇಶನ್ನಿನಲ್ಲಿ ಇಳಿದರು. ಮೈಮೇಲೆ ಹೊಸ ಬಟ್ಟೆ. ಸ್ಟೇಶನ್ ಮಾಸ್ತರ ಬ್ರಾಹ್ಮಣರ ಮಕ್ಕಳೆಂದು ತಿಳಿದು ಅಕ್ಕರೆಯಿಂದ ಮಾತಾಡಿಸಿದ. ಮಹಾರರೆಂದು ತಿಳಿದೊಡನೆ ಮುಖ ತಿರುಗಿಸಿದ. ಎರಡು ಪಟ್ಟು ಬಾಡಿಗೆಗೆ ಒಬ್ಬ ಗಾಡಿಯವ ಒಪ್ಪಿದ. ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುವೆ ಎಂಬ ಷರತ್ತು ಹಾಕಿ. ಬುತ್ತಿ ಇತ್ತು, ನೀರು ಸಿಗಲಿಲ್ಲ. ಸುಂಕದ ಕಟ್ಟೆಯವನೂ ಕೊಡಲಿಲ್ಲ. ಹಸಿದೇ ರಾತ್ರಿ ಕಳೆದರು. ಈ ಪಯಣವನ್ನು ಅವರು ಮುಂದೆ ಬರೆದಿಟ್ಟರು. ಆ ಬರಹದ ತಲೆಬರಹದಲ್ಲಿ ‘ವೀಸಾ’ ಎಂಬ ಶಬ್ದವಿದೆ. ಸ್ವಂತ ದೇಶದಲ್ಲಿ ವೀಸಾಕ್ಕಾಗಿ ಕಾದು ಕುಳಿತವರು ನಾವು ಎಂಬ ಅರ್ಥ.

ಆ ಮಕ್ಕಳ ಕೈಯಲ್ಲಿ ರೊಕ್ಕವಿತ್ತು ಎಂಬುದನ್ನು ಗಮನಿಸಬೇಕು. 1901ರಲ್ಲಿ ರೊಕ್ಕ ನೀರಾಗಲಿಲ್ಲ. ಇಂದು ಬಾಟ್ಲಿಯ ನೀರು ರೊಕ್ಕಕ್ಕೆ ಸಿಗುತ್ತದೆ. ಇದು ಸಣ್ಣ ಬದಲಾವಣೆ ಎಂದು ನಾನು ಹೇಳುವುದಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಕಟುವಾಗಿ ಟೀಕಿಸಿದ್ದು ಏಕೆಂದು ನಮಗೆ ಗೊತ್ತು. ಯಾರು ಯಾರೆಂದು ಎಲ್ಲರಿಗೂ ಗೊತ್ತಿರುವ ಊರು ನಮಗೆ ಸೆರೆಮನೆ. ಯಾರೂ ಯಾರನ್ನೂ ಕೇಳದ ಶಹರ ಉಸಿರಾಡುವ ಜಾಗ. ಆ ಉಸಿರನ್ನು ಹೀನೈಸುವ ಹಕ್ಕು, ಹಳ್ಳಿಯ ಸೊಗಸನ್ನು ಕುರ್ಚಿಯಲ್ಲಿ ಕುಳಿತು ಹಾಡುವವರಿಗೆ ಇಲ್ಲ.

ಆದರೆ ರೊಕ್ಕ ಕೊಟ್ಟು ಪಡೆದ ಸಮಾನತೆ ರೊಕ್ಕ ಇರುವವರೆಗೆ ಮಾತ್ರ. ಅದೇ ಬ್ಯಾಂಕಾಕನ್ನು ನೋಡಿ. ಪಪ್ಪಾಯಿ ಕಾಯಿ ಕುಟ್ಟಿ ಮಾಡುವ ಆ ತಿನಿಸಿಗೆ ಹೆಸರಾದದ್ದು ಇಸಾನ್ ಸೀಮೆ. ಥಾಯ್ ದೇಶದ ಈಶಾನ್ಯ ದಿಕ್ಕಿನ ನಾಡು ಅದು. ಆ ಹೆಸರೂ ನಮ್ಮ ‘ಈಶಾನ್ಯ’ದ ಮೂಲದಿಂದಲೇ ಬಂದದ್ದು. ನೆಚ್ಚಲಾಗದ ಮಳೆ, ಬಡ ಮಣ್ಣು. ಅಲ್ಲಿಯ ಜನ ಲಾವೋಸಿನ ಭಾಷೆಗೆ ಹತ್ತಿರದ ಮಾತಾಡುತ್ತಾರೆ. ರಾಜಧಾನಿಯವರು ಆ ಮಾತನ್ನು ಕೇಳಿ ನಗುವುದುಂಟು, ನಮ್ಮ ಇಂಡಿ ಸಿಂದಗಿಯ ಮಾತನ್ನು ಬೆಂಗಳೂರಿನವರು ನಕ್ಕ ಹಾಗೆ. ಬ್ಯಾಂಕಾಕಿನ ಗಾಡಿ ವ್ಯಾಪಾರದಲ್ಲಿ, ಟ್ಯಾಕ್ಸಿಗಳಲ್ಲಿ, ಕಟ್ಟಡಗಳಲ್ಲಿ ದುಡಿಯುವವರಲ್ಲಿ ಬಹಳ ಮಂದಿ ಅಲ್ಲಿಂದ ಗುಳೆ ಬಂದವರು. ಅವರಿಗಿಂತಲೂ ಕೆಳಗೆ ಬರ್ಮಾದಿಂದ, ಕಾಂಬೋಡಿಯಾದಿಂದ ಬಂದ ಕೂಲಿಕಾರರಿದ್ದಾರೆ. 2025ರ ಮಾರ್ಚ್ 28ರ ಭೂಕಂಪದಲ್ಲಿ ಬ್ಯಾಂಕಾಕಿನಲ್ಲಿ ಕಟ್ಟುತ್ತಿದ್ದ ಎತ್ತರದ ಸರಕಾರಿ ಕಟ್ಟಡವೊಂದು ಕುಸಿಯಿತು. ಅದರಡಿ ಸಿಕ್ಕವರು ಅದನ್ನು ಕಟ್ಟುತ್ತಿದ್ದವರು. ಗಡಿಯಾಚೆಯ ಬರ್ಮಾದವರೂ ಅವರಲ್ಲಿದ್ದರು.

ಬುದ್ಧನ ದೇಶದಲ್ಲಿ ಮೇಲು ಕೀಳಿಲ್ಲವೆಂದು ಹೇಳಿ ಮುಗಿಸುವುದು ಸುಲಭ. ನಮ್ಮ ಹುಡುಗನೂ ಹಾಗೇ ಹೇಳಿದ: “ಮಂದಿ ಭಾಳ ಚಲೋ ಸರ್, ಯಾವಾಗ್ಲೂ ನಕ್ಕೋತ ಇರ್ತಾರ.” ಗಿರಾಕಿಯ ಮುಂದೆ ನಗುವುದೂ ಒಂದು ಕೂಲಿ ಎಂದು ನಾನು ಹೇಳಬೇಕಾಯಿತು. ಆ ಮುದುಕಿ ಕೊಟ್ಟ ನೀರು ಮಾತ್ರ ಆ ಕೂಲಿಯ ಲೆಕ್ಕಕ್ಕೆ ಸೇರಿದ್ದಲ್ಲ. ಅದಕ್ಕೇ ಅವನ ಕೈ ನಡುಗಿದ್ದು.

ಇನ್ನು ಎರಡು ಗಂಟುಗಳ ವಿಚಾರ. ಮಗನ ಬೆನ್ನಿನ ಚೀಲ, ತಾಯಿಯ ತಲೆಯ ಗಂಟು. ಎರಡರಲ್ಲೂ ಅರಿವೆ, ಬುತ್ತಿ, ಹಾಸಲು ಹೊದೆಯಲು. ಇಬ್ಬರೂ ಊರು ಬಿಟ್ಟರು. ಇಬ್ಬರೂ ಬೇರೆ ಭಾಷೆಯ ಮಂದಿಯ ನಡುವೆ ಹೋದರು. ಮಗನಿಗೆ ಸಿಕ್ಕ ಹೆಸರು ಪ್ರವಾಸಿ. ತಾಯಿಗೆ ಸಿಕ್ಕದ್ದು ಪರದೇಶಿ. ನಮ್ಮ ಸೀಮೆಯಲ್ಲಿ ‘ಪರದೇಶಿ’ ಎಂದರೆ ದಿಕ್ಕಿಲ್ಲದವಳು ಎಂದೇ ಅರ್ಥ. ಮುಕಾದಮನ ಪುಸ್ತಕದಲ್ಲಂತೂ ಆಕೆಗೆ ಆ ಹೆಸರೂ ಇರಲಿಲ್ಲ. ಗಂಡ ಹೆಂಡತಿ ಸೇರಿ ‘ಒಂದು ಕೊಯ್ತಾ’. ಕೈಯ ಆಯುಧದ ಹೆಸರೇ ಮನುಷ್ಯರ ಹೆಸರು.

ಈ ಭೇದವನ್ನು ಮಾಡುವವರು ಯಾರು? ಕಾಲುಗಳಲ್ಲ, ದಾರಿಯಲ್ಲ. ಮುಂಗಡದ ಸಾಲ ಒಬ್ಬರನ್ನು ತಳ್ಳುತ್ತದೆ, ರಜೆಯ ಸಂಬಳ ಇನ್ನೊಬ್ಬರನ್ನು ಕಳಿಸುತ್ತದೆ. ಕಾನೂನೂ ಇದನ್ನು ಬರೆದಿಟ್ಟಿದೆ. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಅಲೆದು ಬದುಕುವ ಎಷ್ಟೋ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆಯಿತು. ನಮಗೆ ಹತ್ತಿರದ ಸೊಲ್ಲಾಪುರದಲ್ಲೇ ಬೇಲಿ ಹಾಕಿ ಸೆಟಲ್‌ಮೆಂಟ್ ಮಾಡಿ ಅವರನ್ನು ಕೂಡಿಹಾಕಿದರು. ಆ ಕಾಯ್ದೆ ಹೋದದ್ದು 1952ರಲ್ಲಿ. 2018ರ ಜನವರಿಯಲ್ಲಿ ಭಾರತ ಸರಕಾರ, ಹತ್ತನೆಯ ಇಯತ್ತೆ ಪಾಸಾಗದವರಂಥವರ ಪಾಸ್‌ಪೋರ್ಟಿಗೆ ಕಿತ್ತಳೆ ಬಣ್ಣದ ಹೊದಿಕೆ ಹಾಕುವುದಾಗಿ ಹೇಳಿತು. ಅಂಥವರು ಥಾಯ್ಲೆಂಡ್, ಮಲೇಶಿಯಾ, ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವಾಗ ಸರಕಾರದ ಪರವಾನಗಿ ಪಡೆಯಬೇಕೆಂಬ ನಿಯಮ ಮೊದಲಿನಿಂದ ಇತ್ತು. ಏಜಂಟರ ಮೋಸದಿಂದ ಅವರನ್ನು ಉಳಿಸಲೆಂದೇ ಆ ನಿಯಮ ಮಾಡಿದ್ದು ಖರೆ. ಆದರೆ ದೂರದಿಂದಲೇ ಬಡವನೆಂದು ಗುರುತಿಸುವ ಬಣ್ಣ ಯಾರ ರಕ್ಷಣೆಗೆ? ವಿರೋಧ ಬಂದು, ಅದೇ ತಿಂಗಳ ಕೊನೆಗೆ ಆ ವಿಚಾರ ಕೈಬಿಟ್ಟರು. ಸೊಂಟಕ್ಕೆ ಕಸಬರಿಗೆ ಕಟ್ಟಿಕೊಂಡು ನಡೆದ ಅಸ್ಪೃಶ್ಯರ ಚರಿತ್ರೆ ಓದಿದವರಿಗೆ ಆ ಬಣ್ಣದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಇಬ್ಬರೂ ಎದುರುಬದುರಾಗುವ ಜಾಗ ನಮಗೆ ದೂರವಿಲ್ಲ. ಗೋವಾದ ಅಂಜುಣಾ ದಂಡೆಗೆ ಬೆನ್ನಚೀಲದ ಬಿಳಿಯರು ಬರುತ್ತಾರೆ. ಅವರಿಗೆ ಕನ್ನಡಿ ಹೊಲಿದ ಅರಿವೆ ಮಾರುವ ಹೆಣ್ಣುಮಕ್ಕಳಲ್ಲಿ ನಮ್ಮ ಕರ್ನಾಟಕದ ತಾಂಡಾಗಳಿಂದ ಹೋದ ಲಂಬಾಣಿ ಅಕ್ಕಂದಿರಿದ್ದಾರೆ. ಅವರ ಫೋಟೋ ಜಗತ್ತೆಲ್ಲ ತಿರುಗಿದೆ. ಅದೇ ಗೋವಾದ ಬೈನಾದಲ್ಲಿ 2004ರಲ್ಲಿ ಗುಡಿಸಲು ಕೆಡವಿದಾಗ ಕನ್ನಡದ ಬಡವರೂ ಬೀದಿಗೆ ಬಿದ್ದರು. ಒಬ್ಬನ ಅಲೆದಾಟಕ್ಕೆ ಆ ದಂಡೆ ಸ್ವರ್ಗ. ಇನ್ನೊಬ್ಬಳ ಅಲೆದಾಟಕ್ಕೆ ಅಲ್ಲಿ ನಾಲ್ಕು ತಗಡು ನಿಲ್ಲಿಸಲೂ ಜಾಗವಿಲ್ಲ.

ಆ ತಾಯಿಗೂ ಫೋಟೋದ ಅನುಭವವಿದೆ. “ಕಬ್ಬಿನ ಗಾಡಿ ಮ್ಯಾಲ ಕುಂತಿದ್ವಿ. ಕಾರಿನ್ಯಾಗ ಬಂದವರು ಇಳದು ಫೋಟೋ ಹೊಡಕೊಂಡ್ರು. ಕೂಸು ಅಳಾಕತ್ತಿತ್ತು, ನೀರ ಅದಾವೇನ್ರಿ ಅಂದೆ. ಕೇಳಲಾರದಂಗ ಹ್ವಾದ್ರು.” ಇದನ್ನು ಹೇಳುವಾಗ ಆಕೆಗೆ ಸಿಟ್ಟಿರಲಿಲ್ಲ. ಮಗ ಮೊಬೈಲನ್ನು ತಿರುಗಿಸಿ ನೆಲದ ಮೇಲಿಟ್ಟ. ಆ ಅಳುವ ಕೂಸು ಅವನೇ.

ಜನರನ್ನು ಕಾಣಲು ಹೋಗುವುದರಲ್ಲಿ ಬೇರೊಂದು ರೀತಿಯೂ ಇದೆ. ಚಡಚಣದಲ್ಲಿ ಹುಟ್ಟಿದ ಸಿಂಪಿ ಲಿಂಗಣ್ಣ, ಪಕ್ಕದ ಹಲಸಂಗಿಯ ಮಧುರಚೆನ್ನ ಮತ್ತು ಅವರ ಗೆಳೆಯರು ಬೀಸುವ ಕಲ್ಲಿನ ಮುಂದೆ ಹುಟ್ಟಿದ ಹಾಡುಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂತು. ಅವರು ನೋಡಿ ಹೋಗಲಿಲ್ಲ, ಕಿವಿಗೊಟ್ಟರು. ಅದು ದೊಡ್ಡದು. ಆದರೂ ಬರೆದುಕೊಂಡವರ ಹೆಸರು ನಾಡಿಗೆ ಗೊತ್ತು, ಹಾಡಿದವರು ಬರೀ ‘ಗರತಿ’ಯಾಗಿ ಉಳಿದರು. ಒಳ್ಳೆಯ ಮನಸ್ಸಿನವರ ಕೈಯಲ್ಲೂ ಹೆಸರು ಹೀಗೆ ಜಾರಿಹೋಗುತ್ತದೆ.

ಬರೀ ಅಲೆದಾಟ ಯಾರನ್ನೂ ಬಿಡುಗಡೆ ಮಾಡುವುದಿಲ್ಲ. ಇದಕ್ಕೆ ನಮ್ಮ ಬಾಗೇವಾಡಿಯ ಕಡೆಯಿಂದಲೇ ಸಾಕ್ಷಿ ಇದೆ. ಅಲ್ಲಿ ಹುಟ್ಟಿದ ಬಸವಣ್ಣ ಊರು ಬಿಟ್ಟು ಕೂಡಲಸಂಗಮಕ್ಕೆ, ಮುಂದೆ ಕಲ್ಯಾಣಕ್ಕೆ ಹೋದ. ನಿಂತದ್ದಕ್ಕಿಂತ ನಡೆಯುವುದು ಮೇಲೆಂದು ಶರಣರು ತಿಳಿದರು. ನಡೆಯುವುದಕ್ಕೆ ಜಂಗಮವೆಂಬ ಹೆಸರು ಕೊಟ್ಟರು. ನಾವೇನು ಮಾಡಿದೆವು? ಜಂಗಮ ಎಂಬುದನ್ನೇ ಒಂದು ಜಾತಿಯ ಹೆಸರು ಮಾಡಿದೆವು! ನಡೆಯುವ ಶಬ್ದವನ್ನು ಹುಟ್ಟಿಗೆ ಕಟ್ಟಿಹಾಕಿದ ಜನ ನಾವು. ಹೋದವನು ಹೇಗೆ ತಿರುಗಿ ಬರುತ್ತಾನೆ, ಬಂದ ಮೇಲೆ ಏನು ಮಾಡುತ್ತಾನೆ ಎಂಬುದರ ಮೇಲೆ ನಡಿಗೆಯ ಬೆಲೆ. ಮಸೂರದಲ್ಲಿ ನೀರು ಸಿಗದ ಬಾಲಕ 1954ರ ಡಿಸೆಂಬರಿನಲ್ಲಿ ರಂಗೂನಿನಲ್ಲಿ ಜಾಗತಿಕ ಬೌದ್ಧ ಸಮ್ಮೇಳನದಲ್ಲಿ ಕುಳಿತ. ಅಲ್ಲಿ ಸಿಕ್ಕ ಗೌರವವನ್ನು ತನ್ನೊಬ್ಬನ ಜೇಬಿಗೆ ಹಾಕಿಕೊಳ್ಳಲಿಲ್ಲ. ಎರಡು ವರ್ಷಕ್ಕೆ, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ದಾರಿ ಬದಲಿಸಿದ.

ಇಷ್ಟೆಲ್ಲ ಬರೆದ ನಾನು ಯಾರು? ಅದನ್ನೂ ಹೇಳಿಬಿಡಬೇಕು. ಈ ಹುಡುಗ ನನ್ನ ಕೈಯಲ್ಲಿ ನಾಲ್ಕನೆಯ ಇಯತ್ತೆ ಓದಿದವನು. ಆ ವರ್ಷ ಅವ್ವನ ಜೊತೆ ಕಬ್ಬಿಗೆ ಹೋಗಿ ಐದು ತಿಂಗಳಿಗೆ ತಿರುಗಿ ಬಂದ. ಕೃಷ್ಣಾ ನದಿ ನೋಡಿದ್ದ, ಸಕ್ಕರೆ ಫ್ಯಾಕ್ಟರಿ ನೋಡಿದ್ದ, ಮರಾಠಿ ಮಾತಾಡಲು ಕಲಿತಿದ್ದ. ನಾನು ಹಾಜರಿ ಪುಸ್ತಕದ ಉದ್ದಕ್ಕೆ ‘ಗೈರು’ ಬರೆದಿದ್ದೆ. ಬಂದ ದಿನ ಅವನನ್ನು ಬಾಗಿಲ ಹೊರಗೆ ನಿಲ್ಲಿಸಿದೆ. ಎಲ್ಲಿಗೆ ಹೋಗಿದ್ದೆ, ಏನು ನೋಡಿದೆ ಎಂದು ಒಂದು ಮಾತು ಕೇಳಲಿಲ್ಲ. ನಾನೂ ಅದೇ ಕೇರಿಯವ, ನನ್ನ ಜಾತಿಯ ಮಗುವನ್ನೇ ನಾನು ಹೊರಗೆ ನಿಲ್ಲಿಸಿದೆ. ಈ ಸಲ ಬ್ಯಾಂಕಾಕಿನಿಂದ ಬಂದವನನ್ನು ಅದೇ ಸಾಲಿಗೆ ಕರೆದೆ, ಕುರ್ಚಿ ಹಾಕಿಸಿದೆ, ಮಕ್ಕಳಿಗೆ ಪ್ರವಾಸದ ಅನುಭವ ಹೇಳೆಂದೆ.

ಅವನು ಬ್ಯಾಂಕಾಕಿನದು ಸ್ವಲ್ಪ ಹೇಳಿ, ಉಳಿದ ಹೊತ್ತೆಲ್ಲ ಸಾಂಗಲಿಯ ಕಬ್ಬಿನ ಗದ್ದೆಯದು ಹೇಳಿದ. ನಾನು ಕಿಟಕಿಯ ಹತ್ತಿರ ನಿಂತು ಕೇಳಿದೆ. ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ದಸರಾ ಮುಗಿದರೆ ಅವರ ಮನೆಯವರೂ ಟ್ರ್ಯಾಕ್ಟರ್ ಹತ್ತುವವರು.

“ಸರ್, ನಾನೂ ತಿರುಗಿ ಬಂದಮ್ಯಾಲ ಇಲ್ಲಿ ನಿಂತು ಹೇಳಬಹುದಾ?”

“ಹೇಳಬೇಕವ್ವಾ” ಎಂದೆ. ಆದರೆ ಆಕೆ ಹೋಗದಂತೆ ಮಾಡುವುದೇ ನಮ್ಮ ಮೊದಲ ಕೆಲಸವೆಂಬುದು ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಮುಂಗಡದ ಸಾಲದಿಂದ ಆ ಮನೆ ಬಿಡುಗಡೆಯಾಗಬೇಕು. ಕಬ್ಬು ಕಡಿಯುವ ಕಡೆಯೇ ಮಕ್ಕಳಿಗೆ ಸಾಲಿ ಬೇಕು. ಇವಕ್ಕಾಗಿ ಹೋರಾಡುವುದು ಸಂಘಟನೆಯ ಕೆಲಸ. ಅದು ಆಗುವವರೆಗೆ ಮಾಸ್ತರರಾದ ನಾವು ಇಷ್ಟಾದರೂ ಮಾಡೋಣ: ತಿರುಗಿ ಬಂದ ಮಗುವನ್ನು ಬಾಗಿಲಲ್ಲಿ ನಿಲ್ಲಿಸದಿರೋಣ. ಮೊದಲು ನೀರು ಕೊಡೋಣ. ಆಮೇಲೆ, ಏನು ನೋಡಿ ಬಂದೆ ಎಂದು ಹೆಸರು ಹಿಡಿದು ಕೇಳೋಣ.