ಬಯಕೆ ಮತ್ತು ಮುಡಿಪು

ಬಾಳಿನಲ್ಲಿ ಮಾಡಬೇಕಾದ ಕಾರ್ಯಗಳನ್ನೂ ಕಾಣಬೇಕಾದ ಊರುಗಳನ್ನೂ ಕಲಿಯಬೇಕಾದ ವಿದ್ಯೆಗಳನ್ನೂ ಅನುಕ್ರಮವಾಗಿ ಬರೆದಿಟ್ಟುಕೊಂಡು, ಒಂದೊಂದು ಕೈಗೂಡಿದಂತೆಲ್ಲ ಅದರ ಮುಂದೆ ಗುರುತು ಹಾಕಿಕೊಳ್ಳುವ ಪದ್ಧತಿಯು ಈಚೆಗೆ ನಮ್ಮ ಯುವಜನರಲ್ಲಿ ಹರಡುತ್ತಿರುವುದನ್ನು ಕಂಡು, ಇದು ಭೋಗಲಾಲಸೆಯ ಹೊಸ ವೇಷವೆಂದು ಮೂಗು ಮುರಿಯುವ ಹಿರಿಯರು ಅನೇಕರಿದ್ದಾರೆ. ನಾನು ಆ ಪಕ್ಷದವನಲ್ಲ. ಮನುಷ್ಯನು ತನ್ನ ಬಯಕೆಗಳನ್ನು ಬರೆದಿಡುವುದು ಒಳ್ಳೆಯದು, ಅವಶ್ಯವೂ ಹೌದು. ಆದರೆ ಬರೆದ ಮಾತ್ರಕ್ಕೆ ಬಯಕೆಯು ಧ್ಯೇಯವಾಗುವುದಿಲ್ಲ. ಬರೆದವನು ಅದಕ್ಕೆ ಋಣಿಯೆಂದು ತನ್ನನ್ನು ಭಾವಿಸಿಕೊಂಡಾಗಲೇ ಅದಕ್ಕೆ ಆ ಪದವಿ ಬರುವುದೆಂಬುದು ನನ್ನ ವಾದ.

ಈ ಪದ್ಧತಿಗೆ ಪ್ರಸಿದ್ಧ ನಿದರ್ಶನ ಅಮೆರಿಕದ ಜಾನ್ ಗೊಡಾರ್ಡ್ ಎಂಬಾತನದು. 1940ರಲ್ಲಿ, 15 ವರ್ಷದ ಹುಡುಗನಾಗಿದ್ದಾಗ, ಹಿರಿಯರು ‘ಚಿಕ್ಕಂದಿನಲ್ಲೇ ಇದನ್ನು ಮಾಡಿದ್ದರೆ’ ಎಂದು ಹಲುಬುವುದನ್ನು ಕೇಳಿ, ತನಗೆ ಆ ಗತಿ ಬರಬಾರದೆಂದು ನಿಶ್ಚಯಿಸಿ, ಆತನು 127 ಧ್ಯೇಯಗಳನ್ನು ಬರೆದಿಟ್ಟನು. ನೈಲ್, ಅಮೆಜಾನ್, ಕಾಂಗೋ ನದಿಗಳನ್ನು ಶೋಧಿಸುವುದು, ಎವರೆಸ್ಟ್ ಶಿಖರವನ್ನೇರುವುದು, ಕೊಳಲು ಪಿಟೀಲುಗಳನ್ನು ನುಡಿಸುವುದು, ಬ್ರಿಟಾನಿಕ ವಿಶ್ವಕೋಶವನ್ನು ಆದ್ಯಂತವಾಗಿ ಓದುವುದು, ಚಂದ್ರನಲ್ಲಿಗೆ ಹೋಗುವುದು, ಮದುವೆಯಾಗಿ ಮಕ್ಕಳನ್ನು ಪಡೆಯುವುದು, ಕಟ್ಟಕಡೆಗೆ 21ನೆಯ ಶತಮಾನವನ್ನು ಕಣ್ಣಾರೆ ಕಾಣುವುದು—ಹೀಗೆ ಸಾಗುತ್ತದೆ ಆ ಪಟ್ಟಿ. 1950-51ರಲ್ಲಿ ಇಬ್ಬರು ಫ್ರೆಂಚ್ ಸಂಗಡಿಗರೊಡನೆ ಪುಟ್ಟ ದೋಣಿಗಳಲ್ಲಿ ನೈಲ್ ನದಿಯುದ್ದಕ್ಕೂ ಸಾಗಿದ ಆತನಿಗೆ ಎವರೆಸ್ಟೂ ಚಂದ್ರನೂ ದಕ್ಕದೆ ಉಳಿದವು; 2013ರಲ್ಲಿ ತೀರಿಕೊಂಡನಾದ್ದರಿಂದ ಕಡೆಯ ಬಯಕೆ ಈಡೇರಿತು. ಚಂದ್ರಯಾನವನ್ನೂ ಸಂತಾನವನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲ ಆ ಬಾಲಕನ ನಿಸ್ಸಂಕೋಚವು ನನಗೆ ಬಹಳ ಪ್ರಿಯವಾದುದು, ಏಕೆಂದರೆ ಅಲ್ಲಿರುವುದೆಲ್ಲ ಅವನ ಸ್ವಂತದ ಮನಸ್ಸು. 2003ರಲ್ಲಿ ‘ಸಾಯುವ ಮುನ್ನ ನೋಡಬೇಕಾದ 1,000 ಸ್ಥಳಗಳು’ ಎಂಬರ್ಥದ ಹೆಸರಿನ ಇಂಗ್ಲಿಷ್ ಪುಸ್ತಕವೊಂದು ಹೊರಬಂದು ಅಪಾರವಾಗಿ ಮಾರಾಟವಾಯಿತು. ಪ್ರವಾಸಿಗೆ ಅದರಿಂದ ಉಪಕಾರವಾಗಿರಬಹುದು. ಆದರೆ ನನ್ನ ಮರಣವನ್ನು ಅವಧಿಯಾಗಿಟ್ಟುಕೊಂಡು ನನ್ನ ಆಶೆಗಳನ್ನು ಬೇರೊಬ್ಬರು ಎಣಿಸಿಕೊಡುವುದೆಂದರೆ ಅದಕ್ಕೆ ಮನಸ್ಸು ಒಪ್ಪುವುದಿಲ್ಲ.

ಮೃತ್ಯುವಿನ ಎದುರಿನಲ್ಲಿ ನಿಂತು ಬಯಕೆಗಳನ್ನು ಎಣಿಸಿದವರಲ್ಲಿ ಕಠೋಪನಿಷತ್ತಿನ ನಚಿಕೇತನಿಗೆ ಸಮಾನರಾದವರನ್ನು ನಾನು ಕಾಣೆ. ಯಮನ ಮನೆಯಲ್ಲಿ ಮೂರು ರಾತ್ರಿ ಉಪವಾಸವಿದ್ದುದಕ್ಕಾಗಿ ಅವನಿಗೆ ದೊರೆತವು ಮೂರೇ ವರಗಳು. ಮೊದಲನೆಯದರಿಂದ ಅವನು ಬೇಡಿಕೊಂಡದ್ದು, ತನ್ನನ್ನು ಸಿಟ್ಟಿನಿಂದ ಮೃತ್ಯುವಿಗೆ ಕೊಟ್ಟುಬಿಟ್ಟ ತಂದೆಯ ಮನಸ್ಸು ಶಾಂತವಾಗಿ, ಹಿಂದಿರುಗಿದ ಮಗನನ್ನು ಆತನು ಗುರುತಿಸಿ ಆದರಿಸಲಿ ಎಂಬುದನ್ನು. ಎರಡನೆಯದರಿಂದ, ಸ್ವರ್ಗಸಾಧನವಾದ ಅಗ್ನಿವಿದ್ಯೆಯನ್ನು. ಮೂರನೆಯದರಿಂದ, ಸತ್ತ ಬಳಿಕ ಮನುಷ್ಯನು ಇರುವನೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರವನ್ನು. ಆಗ ಯಮನು ತನ್ನದೇ ಒಂದು ಪಟ್ಟಿಯನ್ನು ಮುಂದಿಡುತ್ತಾನೆ: ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳು, ಗೋವುಗಳು, ಆನೆ, ಕುದುರೆ, ಬಂಗಾರ, ರಥವೇರಿ ವಾದ್ಯ ನುಡಿಸುವ ಅಪ್ಸರೆಯರು. ಬೇಡುವವನ ವಯಸ್ಸಿಗೂ ಲೋಕದ ಅಭಿರುಚಿಗೂ ಒಪ್ಪುವಂತೆ ಸಿದ್ಧಪಡಿಸಿದ ಆ ಪಟ್ಟಿಯನ್ನು ಹುಡುಗನು ಅಲ್ಲಿಯೇ ಬಿಟ್ಟುಬಿಡುತ್ತಾನೆ. ನಮ್ಮ ವಿಚಾರಕ್ಕೆ ಇಲ್ಲಿ ಬಹಳ ಸಾಮಗ್ರಿಯಿದೆ. ವರಗಳು ಮೂರೇ ಆದುದರಿಂದ ಯಾವುದು ಮೊದಲು ಎಂಬ ವಿವೇಚನೆ ಅನಿವಾರ್ಯವಾಯಿತು. ಪರಮಸತ್ಯವನ್ನು ಕೇಳಬಲ್ಲ ಸಾಮರ್ಥ್ಯವಿದ್ದವನೂ ಮೊದಲು ಕೇಳಿದುದು ಮನೆಯ ಒಂದು ಮುನಿಸು ತೀರುವುದನ್ನು.

ಬಯಕೆಯನ್ನು ಕ್ರಮಕ್ಕೆ ತರುವ ಉಪಾಯ ನಮ್ಮ ಮನೆಗಳ ಆಚಾರದಲ್ಲಿಯೂ ಇಲ್ಲದಿಲ್ಲ. ವ್ರತವನ್ನೋ ಪೂಜೆಯನ್ನೋ ಆರಂಭಿಸುವಾಗ, ಅಂಗೈಯಲ್ಲಿ ಅಕ್ಷತೆ ಹಿಡಿದು, ಪುರೋಹಿತರು ಹೇಳಿಕೊಟ್ಟಂತೆ ಯಜಮಾನನು ಮಾಡುವ ಸಂಕಲ್ಪವನ್ನು ಗಮನವಿಟ್ಟು ಕೇಳಿದವರಿಗೆ ಇದು ತಿಳಿದೀತು. ಮೊದಲು ಕಲ್ಪ, ಮನ್ವಂತರ, ಯುಗಗಳು. ಅನಂತರ ಜಂಬೂದ್ವೀಪ, ಭರತವರ್ಷ, ತಾನಿರುವ ಸೀಮೆ. ಆಮೇಲೆ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರಗಳು. ಬಳಿಕ ತನ್ನ ಗೋತ್ರ, ತನ್ನ ಹೆಸರು. ಇಷ್ಟೆಲ್ಲ ಆದ ಮೇಲೆ ಮಾಡಲಿರುವ ಕಾರ್ಯ. ಆ ಮಾತು ಮುಗಿಯುತ್ತಲೇ ಉದ್ಧರಣೆಯಿಂದ ಕೈಮೇಲೆ ನೀರು ಬೀಳುತ್ತದೆ, ಅಕ್ಷತೆಯು ತಟ್ಟೆಗೆ ಇಳಿಯುತ್ತದೆ. ಹೇಳಿದುದನ್ನು ಇನ್ನು ಹಿಂತೆಗೆದುಕೊಳ್ಳುವಂತಿಲ್ಲ. ಅಪರಿಮಿತವಾದ ಕಾಲದಿಂದ ಈ ಮಂಗಳವಾರದವರೆಗೆ, ಭೂಮಂಡಲದಿಂದ ಈ ಮಣೆಯವರೆಗೆ ಇಳಿದು ಬಂದ ಮನಸ್ಸು, ತಾನೆಷ್ಟು ಚಿಕ್ಕವನೆಂಬುದನ್ನೂ ತಾನು ಮಾಡಬಹುದಾದುದು ಯಾವುದೆಂಬುದನ್ನೂ ಒಟ್ಟಿಗೆ ಅರಿಯುತ್ತದೆ. ಬರೆದವನ ದೇಶಕಾಲಗಳನ್ನೂ ವಯಸ್ಸನ್ನೂ ಹೊರೆಗಳನ್ನೂ ಮರೆತ ಪಟ್ಟಿಯು ಎಷ್ಟು ಉದ್ದವಾಗಿದ್ದರೂ ಹಗಲುಗನಸಿನಾಚೆಗೆ ಹೋಗದು.

ಇದಕ್ಕಿಂತಲೂ ನನಗೆ ಹತ್ತಿರದ ಪ್ರಮಾಣ ಮುಡಿಪು. ಮಗುವಿಗೆ ಜ್ವರವೇರಿದ ರಾತ್ರಿ, ಅರಿಸಿನದಲ್ಲಿ ಅದ್ದಿದ ಬಟ್ಟೆಯ ತುಂಡಿನಲ್ಲಿ ಒಂದು ನಾಣ್ಯವನ್ನಿಟ್ಟು ಗಂಟುಹಾಕಿ, ತಿರುಪತಿಯ ತಿಮ್ಮಪ್ಪನಿಗೋ ಧರ್ಮಸ್ಥಳದ ಮಂಜುನಾಥನಿಗೋ ಎಂದು ತಾಯಿಯು ದೇವರ ಗೂಡಿನಲ್ಲಿ ತೆಗೆದಿರಿಸುತ್ತಾಳೆ. ತಿಂಗಳ ಕೊನೆಯಲ್ಲಿ ಹಾಲಿನವನಿಗೆ ಕೊಡಲು ಚಿಲ್ಲರೆ ಇಲ್ಲದಿದ್ದಾಗಲೂ ಯಾರೂ ಆ ಗಂಟಿಗೆ ಕೈ ಹಾಕುವುದಿಲ್ಲ. ಧ್ಯೇಯಕ್ಕೂ ಬರಿಯ ಆಶೆಗೂ ಇರುವ ಅಂತರ ಇಷ್ಟೇ ಎಂದು ನನಗೆ ತೋರುತ್ತದೆ. ಪಿಟೀಲು ಕಲಿಯಬೇಕೆಂದು ಬರೆದಿರುವವನು, ವಾರದಲ್ಲಿ ಯಾವ ಸಂಜೆಯನ್ನು ಅದಕ್ಕಾಗಿ ಗಂಟುಕಟ್ಟಿ ತೆಗೆದಿಟ್ಟಿದ್ದೇನೆ, ಅದನ್ನು ಬೇರೆ ಯಾವ ಕೆಲಸಕ್ಕೂ ಬಿಚ್ಚದೆ ಇರಬಲ್ಲೆನೆ ಎಂದು ಕೇಳಿಕೊಳ್ಳಲಿ.

ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ವರ್ಣಿಸಿರುವ ಪುಸ್ತಿಕೆಯು ಈ ಜಾತಿಯದು. ಮಿತಾಹಾರ, ಮೌನ, ಕ್ರಮ ಮೊದಲಾದ 13 ಗುಣಗಳನ್ನು ಗುರುತಿಸಿ, ಒಂದೊಂದಕ್ಕೆ ಒಂದೊಂದು ವಾರವನ್ನು ಮೀಸಲಿಟ್ಟು, ಪುಟಕ್ಕೆ ಕೆಂಪು ಶಾಯಿಯ ಗೆರೆಗಳನ್ನೆಳೆದು, ತಪ್ಪಿದ ದಿನದ ಮನೆಯಲ್ಲಿ ಕಪ್ಪು ಚುಕ್ಕೆಯಿಡುತ್ತಿದ್ದನು. ಮತ್ತೆ ಮತ್ತೆ ಉಜ್ಜಿ ಅಳಿಸಿದುದರಿಂದ ಕಾಗದ ತೂತುಬಿದ್ದಾಗ, ದಂತದ ಹಾಳೆಗಳ ಮೇಲೆ ಗೆರೆಯೆಳೆದುಕೊಂಡು, ಸೀಸದ ಕಡ್ಡಿಯಿಂದ ಇಟ್ಟ ಚುಕ್ಕೆಗಳನ್ನು ಒದ್ದೆಯ ಸ್ಪಂಜಿನಿಂದ ಒರಸತೊಡಗಿದನು. ಕ್ರಮವೆಂಬ ಗುಣ ಆತನಿಗೆ ಕಡೆಯವರೆಗೂ ವಶವಾಗಲಿಲ್ಲ. ಆದರೂ ಆ ಪ್ರಯತ್ನದಿಂದಲೇ ತಾನು ಹೆಚ್ಚು ಒಳ್ಳೆಯವನೂ ಸುಖಿಯೂ ಆದೆನೆಂದು ವೃದ್ಧಾಪ್ಯದಲ್ಲಿ ಒಪ್ಪಿಕೊಂಡಿದ್ದಾನೆ. ಎಂದಿಗೂ ಗುರುತು ಹಾಕಿ ಮುಗಿಸಲಾಗದ ಒಂದೆರಡು ಸಾಲುಗಳಾದರೂ ನಮ್ಮ ಪಟ್ಟಿಯಲ್ಲಿ ಇರತಕ್ಕದ್ದು.

ಶಿವರಾಮ ಕಾರಂತರಂಥವರು ಪಟ್ಟಿ ಹಿಡಿದು ಬದುಕಿದರೇ ಎಂಬ ಆಕ್ಷೇಪ ಬರಬಹುದು. ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟ ತರುಣನು, ಮುಂದೆ ಕಾದಂಬರಿ, ಯಕ್ಷಗಾನ, ಮಕ್ಕಳ ಶಿಕ್ಷಣ, ವಿಜ್ಞಾನ, ಪರಿಸರಗಳವರೆಗೆ ಹಬ್ಬುವೆನೆಂದು ಮೊದಲೇ ಬರೆದಿಡುವುದು ಅಶಕ್ಯ. ತಮ್ಮ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟವರು ಅವರು. ಆಕ್ಷೇಪಕ್ಕೆ ತೂಕವುಂಟು. ಆದರೆ ಮೂರು ಸಂಪುಟಗಳ ‘ಬಾಲಪ್ರಪಂಚ’ವು ಕೇವಲ ಹುಮ್ಮಸ್ಸಿನಿಂದ ಆಗುವ ಕೃತಿಯಲ್ಲ, ಅದರ ಹಿಂದೆ ಬೇರೆ ಯಾವುದಕ್ಕೂ ಬಿಚ್ಚದ ಎಷ್ಟೋ ಗಂಟುಗಳಿದ್ದಿರಲೇಬೇಕು. ಆಶೆಗೆ ಕೊನೆಯಿಲ್ಲವೆಂದು ಯಯಾತಿಯ ಕಥೆಯನ್ನು ಮುಂದಿಡುವವರಿಗೆ ಕಾಶಿಯ ನಿಯಮವನ್ನು ನೆನಪಿಸಬಹುದು: ಜೀವಮಾನದ ಬಯಕೆಯಾದ ಆ ಯಾತ್ರೆಯನ್ನು ಮುಗಿಸಿದವರು, ಇಷ್ಟವಾದೊಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲಿ ಬಿಟ್ಟು ಬರುತ್ತಾರೆ. ಒಂದು ಈಡೇರಿದಾಗ ಇನ್ನೊಂದನ್ನು ತಾನಾಗಿ ಹೊಡೆದುಹಾಕುವ ಈ ಅಭ್ಯಾಸವಿದ್ದರೆ ಪಟ್ಟಿಯಿಂದ ಭಯವಿಲ್ಲ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಬರೆಯದೆ ಹೋದ ಪಟ್ಟಿ. ಮಗುವಿನ ಜ್ವರಕ್ಕೆ, ಗಂಡನ ನೌಕರಿಗೆ, ಮಗಳ ಮದುವೆಗೆ ಮುಡಿಪು ಕಟ್ಟಿದ ತಾಯಿ ತನಗಾಗಿ ಒಂದನ್ನಾದರೂ ಕಟ್ಟಿಕೊಂಡಳೇ? ನಿನಗೇನು ಬೇಕೆಂದು ಕೇಳಿದರೆ ‘ನನಗಿನ್ನೇನಪ್ಪ ಬೇಕು, ನೀವೆಲ್ಲ ಚೆನ್ನಾಗಿದ್ದರೆ ಸಾಕು’ ಎನ್ನುತ್ತಾಳೆ. ಇನ್ನೂ ಒತ್ತಾಯಿಸಿದರೆ, ಎಂದೋ ಕೈಬಿಟ್ಟ ಹಾಡಿನ ಪಾಠವೋ, ನೋಡದೆ ಉಳಿದ ಊರೋ ಮೆಲ್ಲನೆ ಹೊರಬರುತ್ತದೆ. ನಚಿಕೇತನ ಕ್ರಮವನ್ನು ಒಪ್ಪುವುದಾದರೆ ಮಕ್ಕಳ ಪಟ್ಟಿಯ ಮೊದಲನೆಯ ಸಾಲಿನಲ್ಲಿ ಅದು ಸೇರಬೇಕು, ಅದಕ್ಕೆ ತಕ್ಕ ಗಂಟನ್ನೂ ಮಕ್ಕಳೇ ಕಟ್ಟಬೇಕು. ಅದೂ ‘ಆಮೇಲೆ ನೋಡೋಣ’ ಎನ್ನದೆ. ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕವು 12 ವರ್ಷಕ್ಕೊಮ್ಮೆ ನಡೆಯತಕ್ಕದ್ದು. 2018ರಲ್ಲಿ ‘ಮುಂದಿನ ಸಲ ಕರೆದುಕೊಂಡು ಹೋದರಾಯಿತು’ ಎಂದವರಿಗೆ ಆ ಮುಂದಿನ ಸಲವೆಂದರೆ 2030. ವಿಂಧ್ಯಗಿರಿಯ ಬಂಡೆಯಲ್ಲಿ ಕಡೆದ ಮೆಟ್ಟಿಲುಗಳು ಆರುನೂರನ್ನು ಮೀರುತ್ತವೆ, ಅಂದಿಗೆ ತಾಯಿಗೆ ವಯಸ್ಸು ಎಷ್ಟಾಗಿರುತ್ತದೆಂಬುದು ಮಗನಿಗೆ ಗೊತ್ತಿರುತ್ತದೆ.