*ದಿನದ ಧಮ್ಮ ಚಿಂತನೆ: ರಜೆಯಲ್ಲಿ ಕೆಲಸವೋ, ಕಲಿಕೆಯೋ?*





ಭಾನುವಾರ ವಂದನೆ ಮುಗಿದ ಮೇಲೆ ಚೌಳಹಿರಿಯೂರಿನ ಮಗಳೊಬ್ಬಳು ಕೇಳಿದಳು. ಬಿ.ಕಾಂ. ಓದುತ್ತಿದ್ದಾಳೆ. "ಅಣ್ಣಾ, ರಜೆಗೆ ಬೆಂಗಳೂರಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ. ಸಂಬಳ ಇಲ್ಲ, ಸರ್ಟಿಫಿಕೇಟ್ ಕೊಡ್ತಾರಂತೆ. ಪಿಜಿ ಖರ್ಚು ಅವ್ವನ ಕೂಲಿಯಿಂದಲೇ ಹೋಗ್ಬೇಕು. ಇಲ್ಲಾಂದ್ರೆ ಮನೇಲೇ ಇದ್ದು ಟ್ಯಾಲಿ, ಇಂಗ್ಲಿಷ್ ಕಲೀತೀನಿ. ಯಾವುದು ಸರಿ?"

"ಸಂಬಳ ಇಲ್ಲ" ಎಂದಾಗ ಹಿರಿಯರೊಬ್ಬರ ಮುಖ ಗಂಟಿಕ್ಕಿತು. ಬಿಟ್ಟಿ ಚಾಕರಿ ಏನೆಂದು ನಮಗೆ ಗೊತ್ತು. ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದದ್ದು ಇಂಥ ದುಡಿಮೆಯಿಂದ ಜನರನ್ನು ಬಿಡಿಸಲಿಕ್ಕೇ.

ಆದರೆ ಇನ್ನೊಂದು ಮಾತೂ ನಿಜ. ಟ್ಯಾಲಿಯನ್ನು ಮನೆಯಲ್ಲಿ ಕಲಿಯಬಹುದು. ಕಚೇರಿ ಹೇಗೆ ನಡೆಯುತ್ತದೆ, ಅಪರಿಚಿತರ ಮುಂದೆ ಹೇಗೆ ಮಾತಾಡಬೇಕು ಎಂಬುದನ್ನು ಮನೆಯಲ್ಲಿ ಕಲಿಯಲಾಗದು. ಬೇರೆಯವರ ಮಕ್ಕಳಿಗೆ ಅದನ್ನು ಹೇಳಿಕೊಡಲು ಮಾವನೋ ಚಿಕ್ಕಪ್ಪನೋ ಇರುತ್ತಾರೆ. ನಮ್ಮ ಮಕ್ಕಳಿಗೆ ಯಾರಿದ್ದಾರೆ?

ಬಾಬಾಸಾಹೇಬರ ಬದುಕನ್ನೇ ನೋಡಿ. ವಿದ್ಯಾರ್ಥಿವೇತನ ಮುಗಿದು 1917ರಲ್ಲಿ ಲಂಡನ್ನಿನ ಓದು ಅರ್ಧಕ್ಕೆ ನಿಂತಿತು. ಬರೋಡಾದ ನೌಕರಿಯಲ್ಲಿ ಅವಮಾನ, ಇರಲು ಮನೆ ಸಿಗಲಿಲ್ಲ. 1918ರಲ್ಲಿ ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಸಂಬಳದಲ್ಲಿ ಉಳಿಸಿದರು. ಶಾಹೂ ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಅವರ ಸಾಲ ಸೇರಿಸಿಕೊಂಡು 1920ರಲ್ಲಿ ಲಂಡನ್ನಿಗೆ ಮರಳಿದರು. ಅವರಿಗೆ ಕೆಲಸ ಕಲಿಕೆಯ ಶತ್ರುವಾಗಲಿಲ್ಲ, ಕಲಿಕೆಗೆ ದಾರಿಯಾಯಿತು.

ಭಗವಾನ್ ಬುದ್ಧರು ಕೋಲಿಯ ಗೃಹಸ್ಥ ದೀಘಜಾಣುವಿಗೆ ನಾಲ್ಕು ವಿಷಯ ಹೇಳಿದ್ದರು: ಕೆಲಸದಲ್ಲಿ ಕೌಶಲ ಮತ್ತು ಶ್ರಮ, ಗಳಿಸಿದ್ದರ ರಕ್ಷಣೆ, ಕಲ್ಯಾಣಮಿತ್ರರ ಒಡನಾಟ, ಆದಾಯ ಅರಿತ ಬಾಳು. ಇದೇ ನಮ್ಮ ಅಳತೆಗೋಲು. ಆ ಇಂಟರ್ನ್‌ಶಿಪ್ ಕೈಗೆ ಯಾವ ಕೌಶಲ ಕೊಡುತ್ತದೆ? ಅವ್ವನ ದುಡಿಮೆ ಉಳಿಯುತ್ತದೆಯೋ, ಕರಗುತ್ತದೆಯೋ? ಅಲ್ಲಿ ಕಲಿಸುವವರು ಯಾರು?

ಅವಳು ಫೋನ್ ಮಾಡಿ ಕೇಳಿದಳು. ದಿನವಿಡೀ ಜನರಿಗೆ ಕರೆ ಮಾಡಿ ಕೋರ್ಸ್ ಮಾರಬೇಕಂತೆ! ಅದು ಕಲಿಕೆಯಲ್ಲ. ಬೇಡವೆಂದಳು. ಆದರೆ "ಬೇಡ" ಎಂದು ಹೇಳಿಸಿ ನಾವು ಕೈತೊಳೆದುಕೊಳ್ಳಬಹುದೇ? ನಮ್ಮಲ್ಲೊಬ್ಬರು ಈ ವಾರ ಅವಳೊಂದಿಗೆ ಕಡೂರಿನ ಆಡಿಟರ್ ಕಚೇರಿಗಳಿಗೆ ಹೋಗಿ ಕೇಳಲಿದ್ದಾರೆ. ಬೆಳಿಗ್ಗೆ ಟ್ಯಾಲಿ ಕ್ಲಾಸ್, ಮಧ್ಯಾಹ್ನ ಕಚೇರಿ, ಸಂಜೆ ಬಸ್ಸಿಗೆ ಊರು. ಸಿಗಬಹುದು, ಸಿಗದೆಯೂ ಇರಬಹುದು. ಕೇಳುವುದಂತೂ ನಮ್ಮ ಕರ್ತವ್ಯ.

ಆಯ್ಕೆ ಮಗುವಿನದು. ಆದರೆ ಆಯ್ದುಕೊಳ್ಳಲು ಎರಡು ಒಳ್ಳೆಯ ದಾರಿ ಇರುವಂತೆ ಮಾಡುವುದು ಸಮುದಾಯದ ಕೆಲಸ. ಬಾಬಾಸಾಹೇಬರಿಗೂ ಒಬ್ಬ ಭಥೇನಾ ಬೇಕಾಗಿದ್ದರು.

*ಇಂದಿನ ಸಂಕಲ್ಪ:* ಬೆಂಗಳೂರು, ಶಿವಮೊಗ್ಗದಲ್ಲಿ ನೌಕರಿಯಲ್ಲಿರುವ ಬಂಧುಗಳೇ, ಈ ರಜೆಯಲ್ಲಿ ಊರಿನ ಒಂದು ಮಗುವಿಗೆ ಒಂದು ತಿಂಗಳು ನಿಮ್ಮ ಮನೆಯಲ್ಲಿ ಜಾಗ ಕೊಡಬಲ್ಲಿರಾ? ಗುಂಪಿನಲ್ಲಿ ತಿಳಿಸಿ.

ಭವತು ಸಬ್ಬ ಮಂಗಲಂ. 🙏